ಕೊಳವೆಯ ತೇವವೂ ನಮ್ಮ ಮಡಿಯೂ

ಕಳೆದ ಮಳೆಗಾಲದಲ್ಲಿ ನಮ್ಮೂರಿನ ಒಂದು ಸಭೆಯಲ್ಲಿ ಮಹನೀಯರೊಬ್ಬರು ಸನಾದಿವಾದನದ ಅವನತಿಯನ್ನು ಕುರಿತು ಒಂದು ತಾಸು ವ್ಯಾಖ್ಯಾನ ಮಾಡಿದರು. ಅವರ ವಿದ್ವತ್ತು ದೊಡ್ಡದು, ವಾಣಿ ಮಧುರವಾದದ್ದು. ಅವರಲ್ಲಿ ನನಗೆ ಗೌರವವೂ ಉಂಟು. ಆದರೆ ಮಾತಿನ ತುದಿಗೆ ಅವರು ಹೇಳಿದ ಒಂದು ಸಿದ್ಧಾಂತವು ಅಂದಿನಿಂದ ನನ್ನ ಎದೆಯಲ್ಲಿ ಮುಳ್ಳಿನಂತೆ ನೆಟ್ಟಿರುವದು. ಸನಾದಿಯು ನಮ್ಮ ಲಗ್ನಮಂಟಪಗಳಿಂದಲೂ ಗುಡಿಗಳಿಂದಲೂ ಮಾಯವಾಗುತ್ತಿರುವದಕ್ಕೆ ವಾಜಂತ್ರಿಯವರ ಅಲಕ್ಷ್ಯವೇ ಕಾರಣವಂತೆ. ಅವರ ವಾದ್ಯಗಳು ಸೀಳು ಬಿಟ್ಟಿರುತ್ತವೆಯಂತೆ, ಮುಗ್ಗಲು ನಾರುತ್ತವೆಯಂತೆ, ಶ್ರುತಿಗೆ ನಿಲ್ಲುವದಿಲ್ಲವಂತೆ. ವಾದ್ಯವನ್ನು ಒರೆಸಿ ಒಣಗಿಸಿ ಇಟ್ಟುಕೊಳ್ಳಲರಿಯದವರ ಕೈಯಲ್ಲಿ ವಿದ್ಯೆ ಹೇಗೆ ಉಳಿದೀತು ಎಂದು ಅವರು ಕೇಳಿದರು. ಸಭಿಕರು ತಲೆದೂಗಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆನು. ಎದ್ದು ಉತ್ತರ ಕೊಡಬೇಕಾಗಿತ್ತು, ಕೊಡಲಿಲ್ಲ. ಆ ಸಾಲವನ್ನು ಇಲ್ಲಿ ತೀರಿಸುತ್ತೇನೆ.

ವಾದ್ಯಗಳು ಕೆಡುತ್ತಿರುವದು ಸುಳ್ಳಲ್ಲ. ಸೀಳಿದ ಸನಾದಿಗಳನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಕೆಡಿಸಿದವರು ಯಾರು ಎಂಬದೇ ಪ್ರಶ್ನೆ. ನನ್ನ ಉತ್ತರವು ವಾಚಕರಿಗೆ ಕಹಿಯಾದೀತು: ಬಹಳ ಮಟ್ಟಿಗೆ ಕೆಡಿಸಿದವರು ನಾವು, ಅಂದರೆ ಸುಶಿಕ್ಷಿತರೆನ್ನಿಸಿಕೊಂಡ ಗೃಹಸ್ಥರು. ಒಣಗಿಸಬೇಕಾದಲ್ಲಿ ಅಸಹ್ಯಪಟ್ಟೆವು, ಮುಟ್ಟಬಾರದ ಕಡೆಗೆ ಮಡಿಯಿಂದ ನೀರು ಸುರಿದೆವು.

ಊದುವ ವಾದ್ಯದೊಳಗೆ ಕೂಡುವ ನೀರು ಏನು? ನಮ್ಮ ಮನೆಗಳಲ್ಲಿ ಇದಕ್ಕೆ ಒಂದೇ ಉತ್ತರ: ಎಂಜಲು. ವೀಣೆಯನ್ನು ಮಡಿಲಲ್ಲಿಟ್ಟುಕೊಂಡವರು, ತಂಬೂರಿಯನ್ನು ತೋಳಿನಲ್ಲಿ ತಬ್ಬಿದವರು ಸನಾದಿಯನ್ನು ಮಾತ್ರ ಎರಡು ಬೆರಳಿನಿಂದ ಸಹ ಎತ್ತಲಾರರು. ನಾನೂ ಬಹುಕಾಲ ಹಾಗೆಯೇ ಇದ್ದೆನು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, ತತ, ಆನದ್ಧ, ಸುಷಿರ, ಘನ ಎಂದು ವಾದ್ಯಗಳ ನಾಲ್ಕು ಬಗೆಗಳನ್ನು ಒಪ್ಪಿಸಿದವನಿಗೆ ಸುಷಿರವೆಂದರೆ ರಂಧ್ರವುಳ್ಳದ್ದು ಎಂಬ ಅರ್ಥ ಗೊತ್ತಿತ್ತು. ಆ ರಂಧ್ರದಲ್ಲಿ ಏನು ನಡೆಯುತ್ತದೆಂಬದು ಗೊತ್ತಿರಲಿಲ್ಲ. ಅದನ್ನು ತಿಳಿಸಿದವರು ನಾನು ಕೆಲಸ ಮಾಡುತ್ತಿದ್ದ ಸಾಲೆಯ ವಿಜ್ಞಾನದ ಮಾಸ್ತರರು. ಅವರು ಒಂದು ದಿನ ತಣ್ಣೀರಿನ ತಂಬಿಗೆಯನ್ನು ಮೇಜಿನ ಮೇಲಿಟ್ಟು, ಅದರ ಹೊರಮೈಗೆ ಮೂಡಿದ ಹನಿಗಳನ್ನು ತೋರಿಸಿ, "ಈ ತಂಬಿಗಿಗೆ ಯಾರು ಎಂಜಲಾ ಹಚ್ಚ್ಯಾರ್ರಿ, ಗುರುಗಳ?" ಎಂದು ಕೇಳಿದರು.

ವಿಷಯವು ಇಷ್ಟೇ ಇದೆ. ನಮ್ಮ ಉಸಿರು ಹೊರಬರುವಾಗ ಸುಮಾರು 34 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದು, ಆ ಬಿಸಿಗೆ ಹಿಡಿಯಬಹುದಾದಷ್ಟು ನೀರಾವಿಯನ್ನು ತುಂಬಿಕೊಂಡೇ ಬರುವದು. ಅಂಥ ಒಂದು ಘನಮೀಟರ ಗಾಳಿಯಲ್ಲಿ ಸುಮಾರು 37 ಗ್ರಾಂ ನೀರು ಇರುತ್ತದೆ. ಅದೇ ಗಾಳಿ 22 ಡಿಗ್ರಿಗೆ ತಣಿದರೆ ಸುಮಾರು 19 ಗ್ರಾಂ ಮಾತ್ರ ಹಿಡಿಯಬಲ್ಲದು. ಮಿಕ್ಕದ್ದು ಎಲ್ಲಿಗೆ ಹೋಗಬೇಕು? ಆರಿದ್ರಾ ಮಳೆಯಲ್ಲಿ ಧಾರವಾಡದ ಕಟ್ಟಿಗೆಯ ಕೊಳವೆ ಎಷ್ಟು ತಣ್ಣಗಿರುತ್ತದೆಂಬದನ್ನು ನಾನು ಹೇಳಬೇಕಾಗಿಲ್ಲ. ತಣಿದಷ್ಟು ಉಸಿರಿನ ನೀರು ಕೊಳವೆಯ ಒಳಗೋಡೆಗೆ ಇಬ್ಬನಿಯಾಗಿ ಇಳಿಯಲೇಬೇಕು. ಅದರಲ್ಲಿ ಬಾಯಿಯ ಹನಿಯೂ ಒಂದಷ್ಟು ಬೆರೆತೀತು, ಅಲ್ಲಗಳೆಯುವದಿಲ್ಲ. ಆದರೆ ಅದರ ಮುಖ್ಯಾಂಶವು ಬೆಳಗಿನ ಹೊತ್ತು ನಮ್ಮ ಹಿತ್ತಲಿನ ತುಳಸಿಯ ಮೇಲೆ ಕೂಡುವ ಹನಿಯ ಜಾತಿಯದೇ. ತುಳಸಿಯ ಮೇಲಿನದಕ್ಕೆ ಕೈಮುಗಿಯುವವರು ಕೊಳವೆಯೊಳಗಿನದಕ್ಕೆ ಮೂಗು ಮುರಿಯುವದೇಕೆ?

ಶಾಸ್ತ್ರವನ್ನು ಮುಂದೆ ಮಾಡುವವರು ಶಾಸ್ತ್ರವನ್ನಾದರೂ ಓದಲಿ. ಮನುಸ್ಮೃತಿಯ 5ನೆಯ ಅಧ್ಯಾಯದಲ್ಲಿ, ಬಾಯಿಯಿಂದ ಹನಿಗಳು ಸಿಡಿದಮಾತ್ರಕ್ಕೆ ಉಚ್ಛಿಷ್ಟದೋಷವಿಲ್ಲವೆಂಬ ವಚನವಿದೆ. ಬಹಳ ಕಟ್ಟುನಿಟ್ಟಿನವನೆಂದು ಹೆಸರಾದ ಸ್ಮೃತಿಕಾರನೇ ಇಷ್ಟು ಬಿಟ್ಟುಕೊಟ್ಟಿರಲು, ಅವನ ಹೆಸರು ಹೇಳುವವರು ಅವನಿಗಿಂತ ಮಡಿವಂತರಾದದ್ದು ಆಶ್ಚರ್ಯ. ಮತ್ತು ಶಂಖ? ಅದು ನಮ್ಮ ದೇವರ ಜಗಲಿಯ ಮೇಲೆಯೇ ಇರುತ್ತದೆ, ಬಾಯಿಂದಲೇ ಊದುತ್ತೇವೆ, ತೊಳೆದು ಮತ್ತೆ ಅಲ್ಲಿಯೇ ಇಡುತ್ತೇವೆ. ಊದುವವನು ನಮ್ಮವನಾದರೆ ಪಾಂಚಜನ್ಯ, ಭಜಂತ್ರಿ ಮನೆತನದವನಾದರೆ ಎಂಜಲು! ಮಾತಿನ ಹುಳುಕು ಎಲ್ಲಿದೆಯೆಂಬದನ್ನು ವಾಚಕರು ಕಂಡುಕೊಂಡಿರಬಹುದು. ಅಸಹ್ಯವು ತೇವದ ಮೇಲಿನದಲ್ಲ, ಮನುಷ್ಯನ ಮೇಲಿನದು.

ಶಂಖದ ಮಾತು ಬಂದದ್ದರಿಂದ ನನ್ನ ಅಪರಾಧವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸುಮಾರು ಮೂವತ್ತು ವರ್ಷಗಳ ಹಿಂದಿನ ಸಂಗತಿ. ಖಂಡೇನವಮಿಯ ದಿನ ನಮ್ಮ ಓಣಿಯ ಹನುಮಪ್ಪನ ಗುಡಿಯಲ್ಲಿ ಆಯುಧಗಳ ಪೂಜೆ ನಡೆದಿತ್ತು. ಬಡಿಗನ ಉಳಿ, ದರ್ಜಿಯ ಕತ್ತರಿ, ಸಾಲೆಯ ಗಂಟೆ ಇವುಗಳ ಸಾಲಿನಲ್ಲಿ ಗುಡಿಗೆ ಬಾರಿಸಲು ಬರುತ್ತಿದ್ದ ಹಿರಿಯರೊಬ್ಬರು ತಮ್ಮ ಸನಾದಿಯನ್ನೂ ಸಂಬಾಳವನ್ನೂ ಇಟ್ಟರು. ಮಂತ್ರ ಹೇಳುವವನು ನಾನು. ಉಳಿದವುಗಳಿಗೆ ದರ್ಭೆಯಿಂದ ನಾಲ್ಕು ಹನಿ ಪ್ರೋಕ್ಷಿಸಿದವನು, ಸನಾದಿ ನಾದದ ವಸ್ತುವೆಂಬ ವಿಶೇಷ ಭಕ್ತಿಯಿಂದ, ಶಂಖಕ್ಕೆ ಮಾಡುವಂತೆ ಅದರ ಬಾಯಿಯೊಳಗೆ ಪಂಚಪಾತ್ರೆಯ ನೀರನ್ನು ಸುರಿದೆನು. ಭಕ್ತಿಯೊಳಗೆ ಇನ್ನೊಂದು ಭಾವವೂ ಬಚ್ಚಿಟ್ಟುಕೊಂಡಿತ್ತು. ಪೂಜೆಗಿಡುವ ಮೊದಲು ಅದು ಶುದ್ಧವಾಗಲೆಂಬದು. ಸ್ವರರಂಧ್ರಗಳ ಮೇಲೆಲ್ಲ ಹಸಿ ಅರಿಷಿಣ-ಕುಂಕುಮ ಮೆತ್ತಿದೆನು. ವಿಜಯದಶಮಿಯ ವರೆಗೆ ಆಯುಧವನ್ನು ಎತ್ತುವಂತಿಲ್ಲವಷ್ಟೆ. ರಾತ್ರಿಯೆಲ್ಲ ಅದು ಹಸಿ ಬಾಳೆಲೆಯ ಮೇಲೆ ಹಾಗೆಯೇ ಮಲಗಿತ್ತು.

ಮರುವರ್ಷ ಅದೇ ಸನಾದಿಯ ಮೇಲ್ತುದಿಗೆ ಮೇಣ ತುಂಬಿ ನೂಲು ಸುತ್ತಿದ್ದರು. ಮಂದ್ರದ ಸ್ವರಗಳು ಬಾಯಿ ಬಿಡುತ್ತಿರಲಿಲ್ಲ. ಏನಾಯಿತೆಂದು ಕೇಳಿದೆನು. ದೀಪಾವಳಿಯ ಹೊತ್ತಿಗೆ ಮೂರು ಬೆರಳುದ್ದ ಸೀಳಿತೆಂದರು. ಯಾಕೆಂದು ಮತ್ತೆ ಕೇಳಿದ ಮೇಲೆ, ಬಹಳ ಸಂಕೋಚದಿಂದ, ನವಮಿಯ ನೀರು ಎಂದರು. "ಅವತ್ತ ಯಾಕ ಹೇಳಲಿಲ್ಲರಿ, ಹಿರಿಯಾರ?" ಎಂದೆನು. ಅವರು ನಕ್ಕು, "ದೇವರ ನೀರಂತ ಸುಮ್ಮನಿದ್ದೆರಿ, ಮಾಸ್ತರ. ಆದರ ಕಟಗಿಗೆ ದೇವರ ನೀರೂ ಒಂದ, ಹಳ್ಳದ ನೀರೂ ಒಂದ," ಎಂದರು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಶಂಖವು ಸುಣ್ಣದ ಗಟ್ಟಿ ಚಿಪ್ಪು, ನೀರನ್ನು ಕುಡಿಯುವದಿಲ್ಲ. ಕಟ್ಟಿಗೆಯು ಕುಡಿಯುವದು. ಕುಡಿದರೆ ಉಬ್ಬುವದು, ಉಬ್ಬುವದಾದರೂ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಲೆಕ್ಕಕ್ಕೆ ಬಾರದಷ್ಟು, ಎಳೆಗೆ ಅಡ್ಡವಾಗಿ ಅದರ ಹತ್ತಾರು ಪಾಲು. ಅಡ್ಡದಲ್ಲಿಯೂ ವರ್ಷದ ಉಂಗುರಗಳ ಗುಂಟ ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ. ಆದದ್ದರಿಂದ ದುಂಡಗೆ ಕೊರೆದ ರಂಧ್ರವು ತೇವವುಂಡರೆ ಅಂಡಾಕಾರಕ್ಕೆ ತಿರುಗುವದು, ಶ್ರುತಿಯೂ ಅದರ ಸಂಗಡ ಓಡುವದು. ಒಳಮೈ ನೀರುಂಡು ಹಿಗ್ಗುತ್ತಿರುವಾಗ ಹೊರಮೈ ಒಣಗಿಯೇ ಇದ್ದರೆ, ಹಿಗ್ಗಿಗೂ ಬಿಗಿಗೂ ನಡುವೆ ಸಿಕ್ಕ ಕಟ್ಟಿಗೆ ಸೀಳದೆ ಮತ್ತೇನು ಮಾಡೀತು? ಸನಾದಿಯ ರಂಧ್ರವು ಮೇಲೆ ಕಿರಿದು, ಕೆಳಗೆ ಹಿತ್ತಾಳೆಯ ಬಾಯಿಯ ಕಡೆಗೆ ಅಗಲ. ಬೆಚ್ಚಗಿನ ಉಸಿರು ಮೊದಲು ತಾಕುವದು ಕಿರಿದಾದ ತುದಿಗೆ. ಅಲ್ಲಿಯೇ ಇಬ್ಬನಿ ಹೆಚ್ಚು, ಸೀಳಿನ ಮೊದಲೂ ಬಹುಶಃ ಅಲ್ಲಿಯೇ. ಪಾಶ್ಚಾತ್ಯರ ಓಬೋ, ಕ್ಲಾರಿನೆಟ್‌ಗಳನ್ನು ಆಫ್ರಿಕದ ಕಬ್ಬಿಣದಂಥ ಕರಿಮರದಿಂದ ಮಾಡುತ್ತಾರೆ, ಅವೂ ಸೀಳುತ್ತವೆ. ಅಲ್ಲಿ ಹೊಸ ವಾದ್ಯವನ್ನು ಕೊಂಡವನಿಗೆ ಮೊದಮೊದಲು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಊದೆಂದೂ, ಪ್ರತಿಸಲವೂ ದಾರಕ್ಕೆ ಕಟ್ಟಿದ ಬಟ್ಟೆಯನ್ನು ಎಳೆದು ಒಳಗನ್ನು ಒರೆಸೆಂದೂ ಹೇಳಿಕೊಡುತ್ತಾರೆ. ಅಲ್ಲಿಯ ಶ್ರೀಮಂತರ ಮಕ್ಕಳು ಇದನ್ನು ತಾವೇ ಮಾಡುತ್ತಾರೆ. ಯಾರ ಜಾತಿಯೂ ಕೆಡುವದಿಲ್ಲ.

ಇನ್ನು ವಾಜಂತ್ರಿಯವರು ಒರೆಸುವದಿಲ್ಲವೆಂಬ ಆಕ್ಷೇಪ. ಒರೆಸಲಿಕ್ಕೆ ನಾವು ಅವರಿಗೆ ಎಲ್ಲಿ ಜಾಗ ಕೊಟ್ಟಿದ್ದೇವೆ, ಯಾವಾಗ ಹೊತ್ತು ಕೊಟ್ಟಿದ್ದೇವೆ? ಜ್ಯೇಷ್ಠದ ಕೊನೆಯ ಮುಹೂರ್ತದ ಒಂದು ಲಗ್ನವನ್ನು ನೆನೆಸಿಕೊಳ್ಳಿರಿ. ಹೊರಗೆ ಜಿಟಿಜಿಟಿ ಮಳೆ. ಸನಾದಿಯವರನ್ನು ಎಲ್ಲಿ ಕೂಡ್ರಿಸಿರುತ್ತೇವೆ? ಕಾಲ್ಮರಿ ಬಿಡುವ ಬಾಗಿಲ ಬಳಿ, ಇಲ್ಲವೆ ಕೈತೊಳೆಯುವ ನಳದ ಪಕ್ಕಕ್ಕೆ, ಬರಿಯ ಹಸಿ ಫರಸಿಯ ಮೇಲೆ. ಮೇಲಿನಿಂದ ಇರಚಲು. ಇಂಥದೊಂದು ಲಗ್ನದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಅಕ್ಷತೆಯ ಹೊತ್ತಿಗೆ "ಹೂಂ, ಊದ್ರಿ!" ಎಂದು ಕೈಬೀಸಿದರು. ತಣ್ಣಗಿನ ಕೊಳವೆಯಲ್ಲಿ ಸ್ವರ ಇಳಿದೇ ಇರುತ್ತದೆ. ಒಳಗಿನ ಗಾಳಿ ಬೆಚ್ಚಗಾದಂತೆ ಏರುತ್ತದೆ. ಇದು ಗಾಳಿಯ ಗುಣ, ವಾದಕನ ತಪ್ಪಲ್ಲ. ಎರಡು ನಿಮಿಷ ಮೊದಲು ತಿಳಿಸಿದ್ದರೆ ಅವರು ಉಸಿರಿನಿಂದ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಸನಾದಿ ಕೀರಿತು. ಮನೆಯ ಯಜಮಾನರು, ಎರಡು ಪದವಿಗಳನ್ನು ಪಡೆದವರು, ನೂರಾರು ಮಂದಿಯ ಎದುರಿಗೆ ಆ ವೃದ್ಧವಾದಕರನ್ನು ಗದರಿಸಿ, ಸಂಜೆಗೆ ಒಪ್ಪಿದ ಹಣದಲ್ಲಿ ಕಾಲುಭಾಗ ಹಿಡಿದರು. ಕೊನೆಯ ಪಂಕ್ತಿ ಎದ್ದ ಮೇಲೆ ಊಟ. ಉಂಡೊಡನೆ ಮಂಟಪ ತೆರವು ಮಾಡಬೇಕೆಂಬ ಅವಸರ. ಹಸಿ ಸನಾದಿ ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದೊಳಗೆ ಹೋಯಿತು. ಆ ಚೀಲದೊಳಗೆ ಬೂಸಲು ಹುಟ್ಟಿದರೆ, ಆರು ತಿಂಗಳ ಮೇಲೆ ನಮ್ಮ ವ್ಯಾಖ್ಯಾನಕಾರರು ಮೂಗು ಮುಚ್ಚಿಕೊಳ್ಳುವರು.

ಹಾಡುಗಾರರಿಗೆ ನಾವು ಹೀಗೆ ಮಾಡುವದಿಲ್ಲ. ಈ ಮಣ್ಣು ಕುಂದಗೋಳದ ಸವಾಯಿ ಗಂಧರ್ವರನ್ನೂ, ಗಂಗೂಬಾಯಿ ಹಾನಗಲ್ಲರನ್ನೂ, ಮಲ್ಲಿಕಾರ್ಜುನ ಮನಸೂರರನ್ನೂ, ಬಸವರಾಜ ರಾಜಗುರುಗಳನ್ನೂ ಕಂಡದ್ದು. ಹಾಡುವವರ ಕಂಠಕ್ಕೆ ಶಾಲು, ಬಿಸಿನೀರು, ಗಾಳಿ ತಾಕದ ಕೋಣೆ ಇವೆಲ್ಲ ಬೇಕೆಂಬದು ಇಲ್ಲಿಯ ಮಗುವಿಗೂ ಗೊತ್ತು. ಮೀರಜದ ತಂಬೂರಿಗೆ ಗವಸಣಿಗೆ ಹೊಲಿಸುತ್ತೇವೆ. ಸನಾದಿಗೂ ಒಂದು ಕಂಠವುಂಟು, ಅದೂ ನೆಗಡುವದು ಎಂಬದು ಮಾತ್ರ ಹೊಳೆಯುವದಿಲ್ಲ. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯಿಂದ ತೆಗೆದ ‘ಸನಾದಿ ಅಪ್ಪಣ್ಣ’ ಚಿತ್ರಪಟವು 1977ರಲ್ಲಿ ಬಂದಾಗ, ರಾಜಕುಮಾರರ ಅಭಿನಯಕ್ಕೂ ಬಿಸ್ಮಿಲ್ಲಾಖಾನರ ವಾದನಕ್ಕೂ ಕಣ್ಣೀರು ಸುರಿಸದ ಮನೆತನ ನಮ್ಮಲ್ಲಿ ಯಾವದಿತ್ತು? ಆ ಕಣ್ಣೀರಿನ ತೇವವು ಥೇಟರಿನಲ್ಲಿಯೇ ಆರಿತು. 2001ರಲ್ಲಿ ಖಾನಸಾಹೇಬರಿಗೆ ಭಾರತರತ್ನ ಬಂದಾಗ ಪೇಢೆ ಹಂಚಿದವರನ್ನು ಬಲ್ಲೆ. ಅವರ ಮನೆಯ ಬಾಗಿಲಲ್ಲಿ ಸನಾದಿಯವರು ಅಂದಿಗೂ ಇರಚಲಿನಲ್ಲಿಯೇ ಕುಳಿತಿದ್ದರು.

ಸನಾದಿಯ ನಾಲಿಗೆಯ ವಿಷಯವನ್ನೂ ಹೇಳಬೇಕು; ವ್ಯಾಖ್ಯಾನಕಾರರು ಅದನ್ನು ತಪ್ಪಾಗಿ ತಿಳಿದಿರುವರು. ವಾದಕರು ಪತ್ತಿಯೆನ್ನುವ ಆ ನಾಲಿಗೆಯನ್ನು ನದೀತೀರದ ಒಂದು ಹುಲ್ಲಿನ ದಂಟಿನಿಂದ ಮಾಡುತ್ತಾರೆ. ಖಾನಸಾಹೇಬರು ಹುಟ್ಟಿದ ಬಿಹಾರದ ಡುಮರಾಂವ್ ಪ್ರಾಂತವು ಆ ಹುಲ್ಲಿಗೆ ಹೆಸರಾದದ್ದು. ಇದರ ಧರ್ಮವು ಕೊಳವೆಯ ಧರ್ಮಕ್ಕೆ ವಿರುದ್ಧ. ಕೊಳವೆ ಒಣಗಿರಬೇಕು; ನಾಲಿಗೆಯು ನುಡಿಯುವಾಗ ನೆನೆದಿರಬೇಕು. ಒಣ ನಾಲಿಗೆ ನುಡಿಯುವದಿಲ್ಲ, ನುಡಿದರೆ ಒಡೆಯುತ್ತದೆ. ಆದದ್ದರಿಂದ ವಾದಕನು ಅದನ್ನು ತುಟಿಗಳ ನಡುವೆ ಇಟ್ಟು ನೆನೆಸುವದು ಕೊಳಕುತನವಲ್ಲ, ವಿದ್ಯೆ. ನುಡಿಸಿದ ಮೇಲೆ ಅದನ್ನು ಕಳಚಿ, ಗಾಳಿಯಾಡುವ ನೆರಳಿನಲ್ಲಿ ಮೆಲ್ಲಗೆ ಆರಗೊಡಬೇಕು. ಬಿಸಿಲಿಗಿಟ್ಟರೆ ಸೊಟ್ಟಗಾಗುವದು, ಹಸಿಯಾಗಿ ಡಬ್ಬಿಯಲ್ಲಿ ಮುಚ್ಚಿದರೆ ಬೂಸಲು ಹಿಡಿಯುವದು. ಸನಾದಿಯ ಕೊರಳಿಗೆ ದಾರದಿಂದ ನಾಲ್ಕಾರು ಪತ್ತಿಗಳು ತೂಗಾಡುವದನ್ನು ಕಂಡು ಶೃಂಗಾರವೆಂದು ತಿಳಿಯುವವರಿದ್ದಾರೆ. ಅವು ಸರದಿಗಾಗಿ ಗಾಳಿಗೆ ಆರುತ್ತಿರುವ ನಾಲಿಗೆಗಳು. ಇಷ್ಟು ಬಲ್ಲವರನ್ನು ಅಜ್ಞರೆಂದು ಕರೆಯುವದಕ್ಕೆ ನನ್ನ ನಾಲಿಗೆ ಏಳುವದಿಲ್ಲ.

ಈಗ ನಮ್ಮ ಮನೆಗಳೊಳಕ್ಕೇ ಬರೋಣ. ಧಾರವಾಡದವರಾದ ಪ್ರವೀಣ ಗೋಡಖಿಂಡಿಯವರ ವಾದನವನ್ನು ಕೇಳಿಯೋ, ಕೃಷ್ಣನ ಮೇಲಿನ ಪ್ರೀತಿಯಿಂದಲೋ, ಇತ್ತೀಚೆಗೆ ನಮ್ಮ ಮಕ್ಕಳು ಕೊಳಲನ್ನು ಕಲಿಯುತ್ತಿರುವದು ಸಂತೋಷದ ಸಂಗತಿ. ಎಂಜಲಿನ ಭೂತವು ತನ್ನ ಮಗನ ತುಟಿಯ ಮೇಲೆ ಬಂದಾಗ ಹೇಗೋ ಓಡಿಹೋಗುವದಷ್ಟೆ! ಆದರೆ ಆ ಕೊಳಲುಗಳ ಗತಿಯೇನು? ಒಂದು ಮನೆಯಲ್ಲಿ ಅಭ್ಯಾಸ ಮುಗಿದೊಡನೆ ಅದನ್ನು ರೆಕ್ಸಿನ್ ಚೀಲಕ್ಕೆ ತುರುಕುವರು. ಇನ್ನೊಂದರಲ್ಲಿ ನಳದ ಕೆಳಗೆ ಹಿಡಿದು ತೊಳೆಯುವರು. ಮತ್ತೊಂದರಲ್ಲಿ ಬೇಗ ಒಣಗಲೆಂದು ಮಾಳಿಗೆಯ ಬಿಸಿಲಿಗೆ ಇಡುವರು. ಬಿದಿರಿನ ಗೆಣ್ಣುಗಳ ನಡುವಿನ ಭಾಗದಲ್ಲಿ ಅಡ್ಡ ಎಳೆಗಳೇ ಇಲ್ಲ, ಎಲ್ಲವೂ ಉದ್ದಕ್ಕೆ. ಹಿಡಿದು ನಿಲ್ಲಿಸುವ ಅಡ್ಡಕಟ್ಟು ಇಲ್ಲದ್ದರಿಂದ ಒಮ್ಮೆ ಬಾಯಿಬಿಟ್ಟ ಸೀಳು ಸರಸರನೆ ಓಡುವದು. ಕೊಳಲು ಮಾಡುವವರು ಅಲ್ಲಲ್ಲಿ ನೂಲು ಬಿಗಿಯುವದು ಇದಕ್ಕಾಗಿಯೇ. ಆಷಾಢದಲ್ಲಿ ಮಲೆನಾಡಿನಂತೆ ತೊಯ್ದು ಫಾಲ್ಗುಣ-ಚೈತ್ರಗಳಲ್ಲಿ ಬಯಲುಸೀಮೆಯಂತೆ ಬಿರಿಯುವ ನಮ್ಮ ಊರು ಬಿದಿರಿಗೆ ಕಠಿಣ ಪರೀಕ್ಷೆಯ ಸ್ಥಳ. ಹುಬ್ಬಳ್ಳಿಯವರಿಗೆ ಮಳೆಯ ಕಾಟ ತುಸು ಕಡಿಮೆ, ಬಿಸಿಲಿನ ಕಾಟ ತುಸು ಹೆಚ್ಚು.

ಎಣ್ಣೆಯ ವಿಷಯದಲ್ಲಿಯೂ ನಮ್ಮ ಔದಾರ್ಯ ಅತಿಯಾದದ್ದು. ಎಣ್ಣೆ ಬೇಕು, ನಿಜ; ಆದರೆ ಪೂರ್ಣ ಒಣಗಿದ ಕೊಳವೆಗೆ, ಬಟ್ಟೆಗೆ ನಾಲ್ಕೇ ಹನಿ ಹಚ್ಚಿ ತೆಳ್ಳಗೆ ಸವರಿ, ಮಿಕ್ಕದ್ದನ್ನು ಒರೆಸಿ ತೆಗೆಯುವಷ್ಟು. ಬಾದಾಮಿಯ ಎಣ್ಣೆ ಒಳ್ಳೆಯದು. ನಮ್ಮ ಕಡೆಗೆ ಸುಲಭವಾಗಿ ಸಿಗುವದೆಂದು ಅಗಸೆಯೆಣ್ಣೆಯನ್ನು ಧಾರಾಳವಾಗಿ ಸುರಿಯುವವರು, ಬಡಿಗರು ಅದನ್ನು ಬಾಗಿಲಿಗೆ ಏಕೆ ಹಚ್ಚುತ್ತಾರೆಂಬದನ್ನು ವಿಚಾರಿಸಬೇಕು. ಅದು ಗಾಳಿಗೆ ಕ್ರಮೇಣ ಗಟ್ಟಿಯಾಗಿ ಪೊರೆ ಕಟ್ಟುವದು. ಬಾಗಿಲಿಗೆ ಅದು ಗುಣ, ರಂಧ್ರದೊಳಗೆ ದಪ್ಪಗೆ ಕಟ್ಟಿದರೆ ದೋಷ. ಪತ್ತಿಗಂತೂ ಎಣ್ಣೆ ತಾಕಲೇಕೂಡದು.

ಇಲ್ಲಿ ಒಂದು ಮಾತು ನೆನಪಾಗುವದು. ಗಾಳಿ ಹೊಕ್ಕಾಗ ತಾನಾಗಿ ನುಡಿಯುವ ಬಿದಿರಿಗೆ ಅಮರಸಿಂಹನು ಕೀಚಕವೆಂದು ಹೆಸರಿಟ್ಟನು. ಕುಮಾರಸಂಭವದ ಮೊದಲನೆಯ ಸರ್ಗದಲ್ಲಿ ಹಿಮವಂತನು ಆ ಬಿದಿರುಗಳ ರಂಧ್ರಗಳನ್ನು ಗಾಳಿಯಿಂದ ತುಂಬಿ ಕಿನ್ನರರ ಗಾನಕ್ಕೆ ಶ್ರುತಿ ಕೊಡಲೆಳಸುವಂತೆ ಕಾಳಿದಾಸನು ವರ್ಣಿಸಿದ್ದಾನೆ. ಪಾಠ ಹೇಳುವಾಗ ನಾನು ಈ ಶ್ಲೋಕದಲ್ಲಿ ಅರ್ಧ ತಾಸು ವಿಹರಿಸುತ್ತಿದ್ದೆನು. ಬಿದಿರಿಗೆ ತೂತು ಕೊರೆಯುವ ಹುಳಗಳೇ ಕಪಾಟಿನಲ್ಲಿ ಮರೆತ ಕೊಳಲನ್ನೂ ತಿನ್ನುವವೆಂದು, ಕೊಳಲಿನ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಎಚ್ಚರಗೊಳ್ಳಬೇಕೆಂದು ಒಬ್ಬ ವಿದ್ಯಾರ್ಥಿಗೂ ಹೇಳಲಿಲ್ಲ. ಪುಸ್ತಕದ ಬಿದಿರು ಬೇರೆ, ಗೂಡಿನ ಬಿದಿರು ಬೇರೆ ಎಂದು ಭಾವಿಸಿದ್ದೆನೇನೋ.

ಇಷ್ಟೆಲ್ಲ ಉಪದ್ವ್ಯಾಪವೇಕೆ, ಪ್ಲಾಸ್ಟಿಕ್ಕಿನ ಕೊಳಲು ಸಿಗುವದಿಲ್ಲವೆ, ಲಗ್ನಕ್ಕೆ ಮುದ್ರಿತ ಸನಾದಿ ಸಾಲದೆ, ಎಂದು ಕೇಳುವ ಬುದ್ಧಿವಂತರಿದ್ದಾರೆ. ಕಲಿಯುವ ಮಗುವಿಗೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಳಲು ಇರಲಿ, ನನಗೆ ಹಟವಿಲ್ಲ. ಇಬ್ಬನಿಯು ಅದರಲ್ಲಿಯೂ ಕೂಡುವದು, ಅದನ್ನೂ ಒರೆಸಬೇಕು, ಅಷ್ಟೆ. ಆದರೆ ಮುದ್ರಿತ ಸನಾದಿಯ ಮಾತು ಬೇರೆ. ಗುಡಿಗಳಲ್ಲಿ ವಿದ್ಯುತ್ತಿನಿಂದ ಬಡಿಯುವ ನಗಾರಿಯ ಯಂತ್ರ ಬಂದ ಮೇಲೆ ಮಂಗಳಾರತಿಗೆ ಮನುಷ್ಯನ ಕೈ ಬೇಡವಾಯಿತು. ಧ್ವನಿವರ್ಧಕ ಬಂದ ಮೇಲೆ ಲಗ್ನಕ್ಕೆ ಮನುಷ್ಯನ ಉಸಿರೂ ಬೇಡವಾಗುತ್ತಲಿದೆ. ಆ ಯಂತ್ರವನ್ನಾದರೂ ಒಣ ಜಾಗದಲ್ಲಿಯೇ ಇಡುತ್ತೇವೆ, ಮಳೆ ಬಂದರೆ ತಾಡಪತ್ರಿ ಹೊಚ್ಚುತ್ತೇವೆ! ಬೆಲೆ ಕೊಟ್ಟು ತಂದದ್ದಲ್ಲವೆ? ಯಂತ್ರಕ್ಕೆ ಸಿಗುವ ಆ ಒಣನೆಲವು ವಾದಕರಿಗೆ ಸಿಕ್ಕಿದ್ದರೆ ಯಂತ್ರ ಬೇಕಾಗುತ್ತಿರಲಿಲ್ಲವೆಂದು ನಾನು ಹೇಳಲಾರೆನು. ಆದರೆ ಅವರ ಅಲಕ್ಷ್ಯದಿಂದ ವಿದ್ಯೆ ಕೆಟ್ಟಿತೆಂದು ವ್ಯಾಖ್ಯಾನ ಮಾಡುವ ಧೈರ್ಯವಂತೂ ಯಾರಿಗೂ ಬರುತ್ತಿರಲಿಲ್ಲ.

ಲಗ್ನ ಮಾಡುವ ಗೃಹಸ್ಥರು ವಾಜಂತ್ರಿಯವರಿಗೆ ಮಳೆ ತಾಕದ ಕಡೆಗೆ ಎತ್ತರದ ಒಂದು ಜಮಖಾನೆಯನ್ನು ಹಾಸಲಿ; ಮುಹೂರ್ತಕ್ಕೆ ಮೊದಲು ವಾದ್ಯವನ್ನು ಬೆಚ್ಚಗೆ ಮಾಡಿಕೊಳ್ಳಲಿಕ್ಕೂ ಆಮೇಲೆ ಒರೆಸಿಕೊಳ್ಳಲಿಕ್ಕೂ ಕಾಲು ತಾಸು ಬಿಡಲಿ; ಊಟಕ್ಕೆ ಕರೆದಾಗ ಆ ಕೆಲಸ ಮುಗಿದಿದೆಯೆ ಎಂದು ಒಂದು ಮಾತು ಕೇಳಲಿ. ಖಂಡೇನವಮಿಗೆ ವಾದ್ಯಗಳಿಗೆ ಒಣ ಅಕ್ಷತೆ, ಒಂದು ಹೂವು ಸಾಕು. ಕುಂಕುಮ ಬೇಕೇಬೇಕೆಂದರೆ ಹಿತ್ತಾಳೆಯ ಬಾಯಿಗೆ ಹಚ್ಚಿರಿ, ಅದಕ್ಕೆ ಬಾಧೆಯಿಲ್ಲ. ಒಣಹಲಗೆಯ ಮೇಲೆ ಇಡಿರಿ, ಹಸಿ ಎಲೆಯ ಮೇಲಲ್ಲ.

ಒರೆಸುವ ಬಟ್ಟೆಗೆ ಹೊಸದು ಬೇಡ. ಹೊಸ ಬಟ್ಟೆ ನೀರನ್ನು ಬೇಗ ಹೀರುವದಿಲ್ಲ. ತೊಳೆದು ತೊಳೆದು ಮೆತ್ತಗಾದ ಹಳೆಯ ಧೋತರದ ಒಂದು ಗೇಣಿನ ತುಂಡು, ನೂಲು ಉದುರದಂತೆ ಸುತ್ತಲೂ ಮಡಿಚಿ ಹೊಲಿದದ್ದು. ಎರಡೂ ತುದಿಗಳಿಗೆ ದಾರ ಕಟ್ಟಬೇಕು. ಸನಾದಿಯ ಅಗಲಬಾಯಿಯಿಂದ ಒಂದು ದಾರವನ್ನು ಇಳಿಬಿಟ್ಟು ಕಿರಿದಾದ ತುದಿಯಿಂದ ಮೆಲ್ಲಗೆ ಎಳೆಯಬೇಕು. ಬಟ್ಟೆ ನಡುವೆ ಸಿಕ್ಕಿಕೊಂಡರೆ ಹಿಂದಕ್ಕೆ ತರಲು ಇನ್ನೊಂದು ದಾರ ಇದ್ದೇ ಇರುತ್ತದೆ. ಇದನ್ನು ನನಗೆ ಕಲಿಸಿದವರು, ಅವರ ಸನಾದಿಗೆ ನಾನು ನೀರು ಸುರಿದೆನೋ, ಅದೇ ಹಿರಿಯರು. ಬರುವ ನವಮಿಗೆ ಗುಡಿಯಲ್ಲಿ ಕಲಶದ ಬಳಿಯಲ್ಲಿ ಇಂಥ ನಾಲ್ಕು ತುಂಡುಗಳನ್ನು ಮಡಿಚಿ ಇಟ್ಟಿರುತ್ತೇನೆ.